ಮ್ಯಾಟ್ ಎತ್ತಿ ನೋಡಿ: ಕುದುರೆ, ಎತ್ತು, ಕುರಿ ಏರುವ ಗಾಡಿಯ ತಳ ಹೇಗಿರಬೇಕು?

ಜಾನುವಾರು ಒಯ್ಯಲು ಪಿಕಪ್ ಬಾಡಿಗೆಗೆ ಹೇಳುವಾಗ ನಮ್ಮ ಕಡೆಯ ಮಂದಿ ಕೇಳುವುದು ಎರಡೇ ಮಾತು: ಬಾಡಿಗೆ ಎಷ್ಟು, ಎಷ್ಟೊತ್ತಿಗೆ ಬರ್ತೀರಿ. ಸ್ವಲ್ಪ ಅನುಭವ ಇದ್ದವರು ಪಕ್ಕದ ಕಂಬಿ ಅಲುಗಾಡಿಸಿ ನೋಡುತ್ತಾರೆ, ಹಗ್ಗ ಜಗ್ಗಿ ನೋಡುತ್ತಾರೆ. ಗಾಡಿ ಹತ್ತಿ, ಬಗ್ಗಿ, ತಳವನ್ನು ಕೈಯಿಂದ ಮುಟ್ಟಿ ನೋಡುವವರು ಅಪರೂಪ. ಕುದುರೆಯಾಗಲಿ ಎತ್ತಾಗಲಿ ದಾರಿಯುದ್ದಕ್ಕೂ ನಿಂತೇ ಇರುವ ಪ್ರಯಾಣಿಕ. ಕೂಡಲು ಸೀಟಿಲ್ಲ, ಹಿಡಿಯಲು ಕೈಯಿಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಗಾಡಿ ವಾಲಿದಾಗ, ಹಂಪ್ ಮೇಲೆ ಎಗರಿದಾಗ ಅದನ್ನು ಬೀಳದಂತೆ ತಡೆಯುವುದು ನಾಲ್ಕು ಗೊರಸು ಮತ್ತು ಅವುಗಳ ಕೆಳಗಿನ ತಳ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸಾಗಿಸುವಷ್ಟು ಕುದುರೆ ಎಲ್ಲಿವೆ ಎಂದು ಕೇಳುವವರಿದ್ದಾರೆ. ಇವೆ. ಮದುವೆ, ಉರುಸು, ಜಾತ್ರೆಯ ಮೆರವಣಿಗೆಗೆಂದು ಊರಿಂದೂರಿಗೆ ಹೋಗುವ ಕುದುರೆಗಳು ಈಗ ನಡೆದು ಹೋಗುವುದಿಲ್ಲ, ಟಾಟಾ ಏಸ್ ಏರಿ ಹೋಗುತ್ತವೆ. ಉತ್ತರ ಕರ್ನಾಟಕದಲ್ಲಿ ಹಿಂಡಿನ ಜತೆ ವಲಸೆ ಹೋಗುವ ಕುರಿಗಾರರು ಮರಿ, ಪಾತ್ರೆ, ಹಾಸಿಗೆಗಳನ್ನು ತಟ್ಟು ಕುದುರೆಯ ಮೇಲೆ ಹೇರುವುದುಂಟು. ದೂರದ ಹಾದಿಗೆ ಕುದುರೆಯನ್ನೂ ಕುರಿಯನ್ನೂ ಗಾಡಿಗೇ ಹತ್ತಿಸುವ ರೂಢಿ ಬಂದಿದೆ. ಇನ್ನು ಎತ್ತು, ಕುರಿಗಳಂತೂ ಕುಷ್ಟಗಿ ತಾಲ್ಲೂಕಿನ ಕ್ಯಾದಿಗುಪ್ಪ, ಪಕ್ಕದ ಬಾಗಲಕೋಟೆ ಜಿಲ್ಲೆಯ ಅಮೀನಗಡ ಎಂದು ಸಂತೆಯಿಂದ ಸಂತೆಗೆ ಸುತ್ತುತ್ತಲೇ ಇರುತ್ತವೆ. ಮಗ್ಗಕ್ಕೂ ಕೂದಲು ವ್ಯಾಪಾರಕ್ಕೂ ಹೆಸರಾದ ಭಾಗ್ಯನಗರದಂಥ ಊರಿನಲ್ಲೂ ಬೆಳಗಿನ ಹೊತ್ತು ರಸ್ತೆಯಲ್ಲಿ ನಿಂತರೆ ಎತ್ತು ಹೊತ್ತ ಪಿಕಪ್ ಒಂದಾದರೂ ಕಣ್ಣಿಗೆ ಬೀಳುತ್ತದೆ.

ಕುದುರೆ ಸಾಗಣೆಯ ನಷ್ಟ ಈ ನೆಲಕ್ಕೆ ಹೊಸ ವಿಷಯವೂ ಅಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಹೊಳೆ ದಾಟಿದರೆ ಹಂಪಿ. ವಿಜಯನಗರದ ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದ ಕುದುರೆಗಳು ಅರಬ್ಬೀ ಸಮುದ್ರ ದಾಟಿ, ಕರಾವಳಿಯಲ್ಲಿ ಇಳಿದು, ಘಟ್ಟ ಹತ್ತಿ ಬರಬೇಕಿತ್ತು. ಹದಿನಾರನೇ ಶತಮಾನದಲ್ಲಿ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನುನೀಜ್, ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿ ಹೇಳುತ್ತಾನೆ: ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಅರಸ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇವತ್ತಿನ ಸಂತೆಯಲ್ಲಿ ಅಂಥ ಗಿರಾಕಿ ಸಿಗುವುದಿಲ್ಲ. ದಾರಿಯಲ್ಲಿ ಕಾಲು ಮುರಿದರೆ ನಷ್ಟ ಪೂರ್ತಿ ಮಾಲೀಕನದು.

ತಳದ ಬಗ್ಗೆ ಮಾತಾಡುವಾಗ ಮೂರು ಬೇರೆ ಬೇರೆ ಗುಣಗಳನ್ನು ಬೆರೆಸಿಬಿಡುತ್ತೇವೆ. ತಳ ಭಾರ ಹೊರಬೇಕು, ಗೊರಸು ಜಾರದಂತೆ ಹಿಡಿಯಬೇಕು, ಗಂಜಲ ನಿಲ್ಲದಂತೆ ಹೊರಗೆ ಬಿಡಬೇಕು. ಜಾರುತ್ತದೆಂದು ಮ್ಯಾಟ್ ಹಾಕುತ್ತೇವೆ. ಮ್ಯಾಟಿನ ಅಡಿಯಲ್ಲಿ ಗಂಜಲ ನಿಂತು ತಗಡು ತಿನ್ನುತ್ತದೆ. ತಗಡು ತುಕ್ಕು ಹಿಡಿದದ್ದು ಮ್ಯಾಟಿನಿಂದಾಗಿಯೇ ಕಾಣುವುದಿಲ್ಲ. ನನ್ನ ಮಟ್ಟಿಗೆ ಅತಿ ಅಪಾಯದ ತಳವೆಂದರೆ ಬೋಳು ತಗಡಲ್ಲ, ಚಂದದ ಮ್ಯಾಟ್ ಹೊದ್ದು ಮಲಗಿದ ಕೊಳೆತ ತಳ. ಬೋಳು ತಗಡು ಕಣ್ಣಿಗೆ ಕಂಡು ಹೆದರಿಸುತ್ತದೆ, ಇದು ನಂಬಿಸಿ ಕೆಡಿಸುತ್ತದೆ.

ತಗಡೋ, ಹಲಗೆಯೋ

ಚಿಕ್ಕ ಸರಕು ಗಾಡಿಗಳ ತಳ ಬರುವುದೇ ತೆಳ್ಳನೆಯ ಉಬ್ಬುತಗ್ಗಿನ ತಗಡಿನಲ್ಲಿ. ಸಿಮೆಂಟ್ ಚೀಲಕ್ಕೆ, ಟೊಮೆಟೊ ಕ್ರೇಟಿಗೆ ಅದು ಸಾಕು, ಏಕೆಂದರೆ ಆ ಭಾರ ತಳದ ತುಂಬ ಹರಡಿರುತ್ತದೆ. ಪ್ರಾಣಿಯ ಭಾರ ಹಾಗಲ್ಲ. ನಾಲ್ಕು ಕ್ವಿಂಟಲ್ ತೂಗುವ ಕುದುರೆಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲಿರುತ್ತದೆ. ಗಾಬರಿಯಾಗಿ ಒಂದು ಕಾಲು ಎತ್ತಿ ಅಪ್ಪಳಿಸಿದರೆ ಅಂಗೈಯಷ್ಟು ಜಾಗಕ್ಕೆ ಬೀಳುವ ಹೊಡೆತ ಸಣ್ಣದಲ್ಲ. ಅದರ ಮೇಲೆ ಕಬ್ಬಿಣದ ಲಾಳ. ಕಬ್ಬಿಣದ ಮೇಲೆ ಕಬ್ಬಿಣ, ನಡುವೆ ಗಂಜಲದ ಪದರ: ಜಾರಲು ಇನ್ನೇನು ಬೇಕು?

ಆದ್ದರಿಂದ ಜಾನುವಾರಿಗೆಂದೇ ಗಾಡಿ ಇಟ್ಟವರು ಮೂಲ ತಗಡಿನ ಮೇಲೆ ಕನಿಷ್ಠ 3 ಮಿ.ಮೀ. ದಪ್ಪದ ಚೆಕರ್ ಪ್ಲೇಟ್ ಹಾಕಿಸುವುದು ಒಂದು ದಾರಿ. ಚದರ ಮೀಟರಿಗೆ ಸುಮಾರು 25 ಕೆ.ಜಿ. ತೂಗುತ್ತದೆ. ಟಾಟಾ ಏಸ್‌ನ ತಳ ಸುಮಾರು ಏಳಡಿ ಉದ್ದ, ಐದಡಿಗೆ ತುಸು ಕಡಿಮೆ ಅಗಲ, ಅಂದರೆ 3.3 ಚದರ ಮೀಟರ್ ಆಸುಪಾಸು. ಪ್ಲೇಟಿಗೇ 80 ಕೆ.ಜಿ. ಹೋಯಿತು. ಮುಕ್ಕಾಲು ಟನ್ ಹೊರುವ ಗಾಡಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಇನ್ನೊಂದು ಮಾತು: ಚೆಕರ್ ಪ್ಲೇಟಿನ ಮೇಲಿನ ಹೂಬಳ್ಳಿಯಂಥ ಉಬ್ಬು ಮನುಷ್ಯರ ಚಪ್ಪಲಿಗೆ ಹಿಡಿತ ಕೊಡುತ್ತದೆಯೇ ಹೊರತು ಲಾಳಕ್ಕಲ್ಲ. ಅದು ಬಲ ಕೊಡುವ ತಳ. ಹಿಡಿತಕ್ಕೆ ಮೇಲೆ ಬೇರೆ ಹಾಸು ಬೇಕು.

ಹಿಡಿತಕ್ಕೆಂದು ತಗಡಿನ ಮೇಲೆ ಅಡ್ಡಡ್ಡಲಾಗಿ ಕಬ್ಬಿಣದ ಸರಳು ವೆಲ್ಡ್ ಮಾಡಿಸುವುದು ಲಾರಿಯವರ ಹಳೆಯ ಉಪಾಯ. ಎತ್ತು, ಎಮ್ಮೆಗೆ ಇದು ಕೆಲಸ ಮಾಡುತ್ತದೆ: ಸೀಳುಗೊರಸು ಸರಳಿಗೆ ಆತುಕೊಳ್ಳುತ್ತದೆ. ಸರಳಿನ ನಡುವೆ ಒಂದು ಗೇಣಿನಷ್ಟು ಅಂತರ ಇರಲಿ, ಎರಡೂ ತುದಿಯಲ್ಲಿ ನೀರು ಹರಿಯಲು ಜಾಗ ಬಿಟ್ಟಿರಲಿ, ವೆಲ್ಡಿಂಗ್ ಚುಕ್ಕೆಗಳನ್ನು ಗ್ರೈಂಡರ್ ಹಿಡಿದು ನುಣುಪು ಮಾಡಿಸಿ. ಕುದುರೆಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಗಂಟೆಗಟ್ಟಲೆ ಸರಳಿನ ಮೇಲೆ ನಿಂತರೆ ಅಂಗಾಲು ನೋಯುತ್ತದೆ, ನೋಯುವ ಕಾಲಿನ ಕುದುರೆ ಒಂದೆಡೆ ನಿಲ್ಲುವುದಿಲ್ಲ.

ಹಲಗೆಯ ತಳ ನನಗೆ ಮೆಚ್ಚು. ಚಕ್ಕಡಿ ಕಟ್ಟಿದ ನಾಡಿಗೆ ಕಟ್ಟಿಗೆಯ ಗುಣ ಹೇಳಿಕೊಡಬೇಕಿಲ್ಲ. ಮರ ಬಿಸಿಲಿಗೆ ತಗಡಿನಷ್ಟು ಕಾಯುವುದಿಲ್ಲ, ಗೊರಸಿನ ಸದ್ದನ್ನು ನುಂಗುತ್ತದೆ, ತುಸು ಬಾಗುತ್ತದೆ. ಸದ್ದಿನ ವಿಷಯ ಸಣ್ಣದಲ್ಲ: ಟೊಳ್ಳು ತಗಡಿನ ಮೇಲೆ ಮೊದಲ ಹೆಜ್ಜೆ ಇಟ್ಟಾಗ ಏಳುವ ಧಡಾರ್ ಶಬ್ದಕ್ಕೇ ಎಷ್ಟೋ ಎತ್ತು, ಕುದುರೆಗಳು ಹಿಂದೆ ಸರಿಯುತ್ತವೆ. ಅಲ್ಲಿಂದ ಬಡಿಗೆ ಶುರು. ಒಂದೂವರೆ ಇಂಚು ದಪ್ಪದ ಮತ್ತಿ ಅಥವಾ ಹಳೆ ಮನೆ ಕೆಡವಿದಾಗ ಸಿಗುವ ಸಾಗವಾನಿ ಹಲಗೆ ಒಳ್ಳೆಯದು. ಜಾಲಿ ಗಟ್ಟಿ, ಆದರೆ ನೇರ ಉದ್ದನೆಯ ಹಲಗೆ ಸಿಗುವುದು ಕಷ್ಟ. ಅಗ್ಗವೆಂದು ನೀಲಗಿರಿ ಹಾಕಿಸಿದರೆ ಒಂದೆರಡು ಮಳೆಗಾಲದಲ್ಲಿ ಸೊಟ್ಟಗಾಗಿ ತುದಿ ಎದ್ದು ನಿಲ್ಲುತ್ತದೆ. ಎದ್ದ ತುದಿಗೆ ಗೊರಸು ಎಡವುತ್ತದೆ. ಮನೆ ಪೀಠೋಪಕರಣಕ್ಕೆ ಬಳಸುವ ಸಾದಾ ಪ್ಲೈವುಡ್ ಬೇಡವೇ ಬೇಡ, ಗಂಜಲಕ್ಕೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಲಗೆಗಳ ನಡುವೆ ಕಿರುಬೆರಳಿನಷ್ಟೂ ಅಂತರ ಬೇಡ, ಅದರ ಅರ್ಧ ಸಾಕು. ನೀರು ಇಳಿಯಬೇಕು, ಕುರಿಮರಿಯ ಕಾಲು ಇಳಿಯಬಾರದು. ಮೊಳೆಯ ಬದಲು ತಲೆ ಒಳಗೆ ಕೂರುವ ಬೋಲ್ಟ್ ಹಾಕಿಸಿ. ಮೊಳೆ ಅಲುಗಾಟಕ್ಕೆ ಮೇಲೆದ್ದೇ ಏಳುತ್ತದೆ.

ಮರಕ್ಕೆ ಹಳೆ ಇಂಜಿನ್ ಆಯಿಲ್ ಬಳಿಯುವ ಚಾಳಿ ಎಲ್ಲ ಕಡೆ ಇದೆ. ಹುಳ ಬೀಳುವುದಿಲ್ಲ ನಿಜ, ಆದರೆ ತಳ ಜಾರುತ್ತದೆ, ದನ ನೆಕ್ಕಿದರೆ ಹೊಟ್ಟೆಗೆ ವಿಷ. ನಮ್ಮ ಎರೆ ಹೊಲದಲ್ಲೇ ಬೆಳೆಯುವ ಅಗಸೆಯ ಎಣ್ಣೆ ಇರುವಾಗ ಅದೇಕೆ? ಹಲಗೆ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿ, ಒಣಗಲು ನಾಲ್ಕೈದು ದಿನ ಬಿಟ್ಟು, ಮತ್ತೊಮ್ಮೆ ತಿಕ್ಕಬೇಕು. ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿಡಿ. ತಳಕ್ಕೆ ಹೊಳೆಯುವ ಆಯಿಲ್ ಪೇಂಟ್ ಕೂಡ ಬೇಡ, ಒದ್ದೆಯಾದರೆ ಗಾಜಿನಂತೆ.

ಟ್ರ್ಯಾಕ್ಟರ್ ಟ್ರೇಲರ್ ಬಗ್ಗೆ ಎರಡೇ ಮಾತು. ಅದರ ಕುಲುಕಾಟ ಪಿಕಪ್‌ಗಿಂತ ಹೆಚ್ಚು, ಹಾಗಾಗಿ ಹಿಡಿತದ ಹಾಸು ಇನ್ನೂ ದಪ್ಪ ಇರಬೇಕು. ಜತೆಗೆ ನಿನ್ನೆ ಅದರಲ್ಲಿ ಏನು ಹೇರಿದ್ದರು ಎಂದು ಕೇಳಿ. ಗಂಗಾವತಿ, ಕಾರಟಗಿ ಕಡೆ ಭತ್ತದ ಹಂಗಾಮಿನಲ್ಲಿ ಯೂರಿಯಾ ಹೇರದ ಟ್ರೇಲರ್ ಇಲ್ಲ. ಚೆಲ್ಲಿದ ಗೊಬ್ಬರ ತಗಡನ್ನು ತಿನ್ನುವುದಷ್ಟೇ ಅಲ್ಲ, ಉಪ್ಪಿನ ಆಸೆಗೆ ದನ ಅದನ್ನು ನೆಕ್ಕುತ್ತದೆ. ಯೂರಿಯಾ ಹೊಟ್ಟೆಗೆ ಹೋದರೆ ದನ ಉಬ್ಬರ ಬಂದು ನಡುಗಿ ಸಾಯಬಹುದು. ಮೂಲೆ ಮೂಲೆ ತೊಳೆಯದೆ ಹತ್ತಿಸಬೇಡಿ.

ಮೇಲಿನ ಹಾಸು

ಹಾಲಿನ ಹಸುಗಳ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್ ಗಾಡಿಗೂ ಸಲ್ಲುತ್ತದೆ. ಮೇಲ್ಮೈ ಸಣ್ಣ ಕಾಳಿನಂತೆ ಒರಟಾಗಿರಲಿ, ಅಡಿಯಲ್ಲಿ ನೀರು ಹರಿಯಲು ಗುಂಡಿ ಅಥವಾ ಗೆರೆ ಇರಲಿ, ದಪ್ಪ 15 ಮಿ.ಮೀ.ಗೆ ಕಡಿಮೆ ಬೇಡ. ಬಣ್ಣಬಣ್ಣದ ಹಗುರ ಫೋಮಿನ ಮ್ಯಾಟ್‌ಗಳನ್ನು ಲಾಳ ಹಾಕಿದ ಕಾಲು ಹರಿದು ಹಾಕುತ್ತದೆ. 17 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಚದರ ಮೀಟರಿಗೆ 20 ಕೆ.ಜಿ. ಹತ್ತಿರ ತೂಗುತ್ತದೆ. ಆದ್ದರಿಂದ ಇಡೀ ತಳಕ್ಕೆ ಒಂದೇ ಮ್ಯಾಟ್ ಕೊಳ್ಳಬೇಡಿ. ಇಬ್ಬರು ಎತ್ತಲಾರದ ಮ್ಯಾಟನ್ನು ಯಾರೂ ಎತ್ತುವುದಿಲ್ಲ, ಎತ್ತದ ಮ್ಯಾಟಿನ ಅಡಿಯಲ್ಲೇ ಎಲ್ಲ ಕೆಡುವುದು. ಎರಡು ಅಥವಾ ಮೂರು ತುಂಡು ಮಾಡಿಸಿ, ಬದಿಗೆ ಒಂದು ಬೆರಳು ಜಾಗ ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ರಬ್ಬರ್ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ನಡುವೆ ಉಬ್ಬು ಏಳುತ್ತದೆ. ಅಂಚಿಗೆ ಚಪ್ಪಟೆ ಪಟ್ಟಿ ಕೂರಿಸಿ ಬೋಲ್ಟ್ ಬಿಗಿದರೆ ಮ್ಯಾಟ್ ಸರಿಯುವುದಿಲ್ಲ, ಬೇಕಾದಾಗ ಬಿಚ್ಚಲೂ ಬರುತ್ತದೆ.

ಗಣಿ, ಉಕ್ಕಿನ ಕಾರ್ಖಾನೆಗಳ ನೆರೆಯಲ್ಲಿರುವ ನಮಗೆ ಇನ್ನೊಂದು ಅಗ್ಗದ ಮಾಲು ಗುಜರಿಯಲ್ಲಿ ಸಿಗುತ್ತದೆ: ಹಳೆ ಕನ್ವೇಯರ್ ಬೆಲ್ಟ್. ಬಾಳಿಕೆಯಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಅದಿರು ಉಜ್ಜಿ ಉಜ್ಜಿ ಒಂದು ಮುಖ ಕನ್ನಡಿಯಂತೆ ನುಣುಪಾಗಿರುತ್ತದೆ, ನೀರು ಬಿದ್ದರೆ ಜಾರುತ್ತದೆ. ಸವೆಯದ ಮುಖ ಮೇಲೆ ಬರಲಿ, ಗ್ರೈಂಡರಿನಿಂದ ಅಡ್ಡ ಗೆರೆ ಕೊರೆಸಿ. ಒಳಗೆ ಉಕ್ಕಿನ ತಂತಿ ಇರುವ ಬೆಲ್ಟಾದರೆ ಮುಟ್ಟಬೇಡಿ. ಕತ್ತರಿಸಿದ ಅಂಚಿನಿಂದ ತಂತಿಯ ಎಳೆ ಹೊರಬಂದು ಗೊರಸಿನ ಸಂದಿಗೆ ಚುಚ್ಚುತ್ತದೆ.

ಒಂದೇ ಸಲದ ಬಾಡಿಗೆಗೆ ಮ್ಯಾಟ್ ಎಲ್ಲಿಂದ ತರುವುದು? ತೆಂಗಿನ ನಾರಿನ ಚಾಪೆ ಸಾಕು. ನಮ್ಮ ಕಾನೂನು ಹೇಳುವುದೂ ಅದನ್ನೇ. 1978ರ ಪ್ರಾಣಿಗಳ ಸಾಗಣೆ ನಿಯಮಗಳು, ದನ ಒಯ್ಯುವ ಸಾಮಾನ್ಯ ಸರಕು ಗಾಡಿಯ ತಳಕ್ಕೆ ನಾರಿನ ಚಾಪೆ ಅಥವಾ ಮರದ ಹಲಗೆಯಂಥ ಜಾರದ ಹಾಸು ಇರಲೇಬೇಕು ಎನ್ನುತ್ತವೆ. ಕುದುರೆ ಸಾಗಣೆಗೂ ಜಾರದ ಹಾಸು ಕಡ್ಡಾಯ. ಚಾಪೆ ಇಲ್ಲದಿದ್ದರೆ ಸೆಣಬಿನ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿದು, ನೀರು ಚಿಮುಕಿಸಿ, ನಾಲ್ಕೂ ಮೂಲೆಗೆ ಕಟ್ಟಿ ಹಾಸಬಹುದು. ಗೊಬ್ಬರದ ಪ್ಲಾಸ್ಟಿಕ್ ಚೀಲ, ತಾಡಪತ್ರಿ ಮಾತ್ರ ತಳಕ್ಕೆ ಬರಕೂಡದು.

ಹುಲ್ಲು ಹಾಸಿದರೆ ಆಯಿತಲ್ಲ ಎನ್ನುವವರು ಬಹಳ. ಬರೀ ತಗಡಿನ ಮೇಲೆ ಭತ್ತದ ಹುಲ್ಲು ಹಾಸಿದರೆ ಹುಲ್ಲೇ ಜಾರುಬಂಡಿ. ಅಕ್ಕಿ ಗಿರಣಿಯ ಹೊಟ್ಟು ಇನ್ನೂ ಕೆಟ್ಟದ್ದು, ಕಾಲಡಿಯಲ್ಲಿ ಕಾಳಿನಂತೆ ಉರುಳುತ್ತದೆ, ಗಾಡಿ ಓಡುವಾಗ ಎದ್ದು ಕಣ್ಣು ಮೂಗಿಗೆ ತುಂಬುತ್ತದೆ. ಮೊದಲು ಹಿಡಿತದ ಹಾಸು, ಅದರ ಮೇಲೆ ಗಂಜಲ ಹೀರಲು ಹುಲ್ಲು. ಈ ಕ್ರಮ ತಪ್ಪಬಾರದು. ಕುರಿ ಮಲಗಿಕೊಂಡು ಹೋಗುವ ಪ್ರಾಣಿ, ಅದಕ್ಕೆ 5 ಸೆಂ.ಮೀ. ದಪ್ಪ ಹುಲ್ಲು ಬೇಕು.

ಉಸುಕು? ದೊಡ್ಡ ಲಾರಿಯಲ್ಲಿ ಒಳ್ಳೆಯ ಹಾಸು. ಚಿಕ್ಕ ಗಾಡಿಯಲ್ಲಿ ಒಂದೇ ಒಂದು ಇಂಚು ಹರಡಿದರೂ ಒಂದೂಕಾಲು ಕ್ವಿಂಟಲ್ ಮೀರುತ್ತದೆ, ನೀರಿನ ತೂತುಗಳನ್ನೂ ಮುಚ್ಚುತ್ತದೆ. ಮಣ್ಣಂತೂ ಬೇಡ. ಅದರಲ್ಲೂ ಕುಷ್ಟಗಿ, ಯಲಬುರ್ಗಾದ ಎರೆಮಣ್ಣು ಹಸಿಯಾದರೆ ಗ್ರೀಸೇ ಸರಿ. ಮಳೆಗಾಲದಲ್ಲಿ ಹೊಲದಿಂದ ನೇರ ಗಾಡಿ ಹತ್ತಿಸುವಾಗ ಗೊರಸಿನ ಸಂದಿಗೆ ಮೆತ್ತಿದ ಎರೆಯನ್ನು ಕೆರೆದು ತೆಗೆಯಿರಿ. ಎಷ್ಟು ಒಳ್ಳೆಯ ಮ್ಯಾಟಾದರೂ ಆ ಮೆತ್ತೆಯ ಮುಂದೆ ನಡೆಯುವುದಿಲ್ಲ.

ಹಾಸಿನ ಹಿಡಿತ ಪರೀಕ್ಷಿಸಲು ಯಂತ್ರ ಬೇಡ. ಒಂದು ಬಕೆಟ್ ನೀರು ಹೊಯ್ದು, ಹವಾಯಿ ಚಪ್ಪಲಿ ಮೆಟ್ಟಿ, ಹಿಮ್ಮಡಿ ಊರಿ ತಿರುಗಿ. ನೀವು ಜಾರಿದರೆ ಲಾಳದ ಕಾಲು ಜಾರಿಯೇ ಜಾರುತ್ತದೆ. ಅದೇ ನೀರು ಎಲ್ಲಿ ನಿಂತಿತು ಎಂದೂ ನೋಡಿ. ಐದು ನಿಮಿಷದಲ್ಲಿ ಬರಿದಾಗದ ಮೂಲೆಗೆ ಒಂದು ತೂತು ಬೇಕು. ತೂತು ಹಿಂಬದಿಯಲ್ಲಿರಲಿ, ಹೆಬ್ಬೆರಳಿಗಿಂತ ಸಣ್ಣದಿರಲಿ, ಬ್ರೇಕ್ ಪೈಪು ಅಥವಾ ವೈರಿನ ಮೇಲೆ ಗಂಜಲ ಸುರಿಯುವಂತಿರಬಾರದು.

ಎಷ್ಟು ಜಾಗ, ಯಾವ ಕಡೆ ಮುಖ

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 125ಇ ಎಂಬ ನಿಯಮ ಪ್ರಾಣಿಗೆ ಕೊಡಬೇಕಾದ ಜಾಗ ಹೇಳುತ್ತದೆ: ಹಸು, ಎಮ್ಮೆಗೆ 2 ಚದರ ಮೀಟರ್, ಕುದುರೆಗೆ 2.25, ಕುರಿ ಮೇಕೆಗೆ 0.3. ಈ ಲೆಕ್ಕದಲ್ಲಿ ಟಾಟಾ ಏಸ್‌ಗೆ ಒಂದೇ ಎತ್ತು ಅಥವಾ ಒಂದೇ ಕುದುರೆ, ಕುರಿಯಾದರೆ ಹನ್ನೊಂದು. ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ತಳಕ್ಕೆ ಒಂದು ಜೋಡಿ. ದೊಡ್ಡ ಲಾರಿಯಾದರೂ 1978ರ ನಿಯಮದಂತೆ ಆರಕ್ಕಿಂತ ಹೆಚ್ಚು ದನ ಹೇರುವಂತಿಲ್ಲ, ಜತೆಗೊಬ್ಬ ಮನುಷ್ಯ ಇರಬೇಕು, ಬೇರೆ ಸರಕು ಇರಕೂಡದು, ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ಸಂತೆಯ ಹೊತ್ತಿಗೆ ನಡೆಯುವುದೇನು ಎಂಬುದು ಎಲ್ಲರಿಗೂ ಗೊತ್ತಿದೆ. ಒತ್ತೊತ್ತಾಗಿ ತುಂಬಿದರೆ ಒಂದಕ್ಕೊಂದು ಆತು ಬೀಳುವುದಿಲ್ಲ ಎನ್ನುವ ವಾದ ಕೇಳಿಬರುತ್ತದೆ. ಒಂದು ಬಿದ್ದರೆ ಮತ್ತೆ ಏಳಲು ಜಾಗವೇ ಇಲ್ಲ, ಉಳಿದವು ಅದರ ಮೇಲೇ ನಿಲ್ಲುತ್ತವೆ ಎಂಬುದನ್ನು ಆ ವಾದ ಹೇಳುವುದಿಲ್ಲ.

ಅದೇ 1978ರ ನಿಯಮಗಳ ಪ್ರಕಾರ ದನದ ಮುಖ ಇಂಜಿನ್ ಕಡೆ ಇರುವುದು ಒಳಿತು. ಕುದುರೆಯ ತಲೆ ಎದುರು ವಾಹನಗಳಿಂದ ದೂರ, ಎಡಕ್ಕೆ ಇರಬೇಕು. ಏಸ್ ಗಾಡಿಯ ಅಗಲದಲ್ಲಿ ಕುದುರೆ ಅಡ್ಡ ನಿಲ್ಲಲು ಸಾಧ್ಯವೇ ಇಲ್ಲ. ಅಂದರೆ ಕಾನೂನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಅಗಲದ ಗಾಡಿಯನ್ನು. ಮೆರವಣಿಗೆ ಕುದುರೆಯವರು ಇದನ್ನು ಗಮನಿಸಬೇಕು. ಕುದುರೆಗಳ ನಡುವೆ 8 ಸೆಂ.ಮೀ. ದಪ್ಪದ ಬಿದಿರು, ಹಿಂದೆ ಎರಡು ಗಟ್ಟಿ ಅಡ್ಡಗೋಲು ಇರಬೇಕು, ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಹೊಸಪೇಟೆ ಹೆದ್ದಾರಿಯಲ್ಲಿ 35ರಲ್ಲಿ ಹೋದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಮೂಗುದಾರವನ್ನು ಕಂಬಿಗೆ ಕಟ್ಟಬೇಡಿ. ಕಾಲು ಜಾರಿದ ಕ್ಷಣ ಇಡೀ ಮೈಭಾರ ಮೂಗಿನ ಮೇಲೆ ಬೀಳುತ್ತದೆ. ಹಗ್ಗ ಕೊರಳಿಗೋ ಕೊಂಬಿಗೋ ಇರಲಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿರಲಿ. ದಾರಿಯಲ್ಲಿ ಪ್ರಾಣಿ ಬಿದ್ದರೆ ಗಾಡಿ ನಿಲ್ಲಿಸಿ, ಹಗ್ಗ ಸಡಿಲಿಸಿ, ಗೊರಸಿನಡಿಗೆ ಒದ್ದೆ ಗೋಣಿಯೋ ಹಿಡಿ ಉಸುಕೋ ಹಾಕಿ, ಅದು ತಾನೇ ಏಳಲು ಹೊತ್ತು ಕೊಡಿ. ಬಾಲ ತಿರುವಿ ಎಬ್ಬಿಸಿದರೆ ಮತ್ತೆ ಅಲ್ಲೇ ಬೀಳುತ್ತದೆ. ಏಳದಿದ್ದರೆ ಪಶು ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ 1962.

ಹತ್ತುವ ದಾರಿಯೂ ತಳದ ಭಾಗವೇ. ಹೊಲದ ಒಡ್ಡಿಗೋ ಕಾಲುವೆ ದಂಡೆಗೋ ಗಾಡಿಯನ್ನು ಹಿಮ್ಮುಖ ತಂದು ನಿಲ್ಲಿಸಿ ಹತ್ತಿಸುವುದು ಹಳೆಯ ಜಾಣತನ, ಗಾಡಿಗೂ ದಂಡೆಗೂ ನಡುವೆ ಸಂದು ಇರಬಾರದಷ್ಟೇ. ಹಲಗೆ ಇಳಿಜಾರು ಬಳಸುವುದಾದರೆ ಅದರ ಉದ್ದ ಗಾಡಿ ತಳದ ಎತ್ತರಕ್ಕೆ ಮೂರು ಪಟ್ಟಾದರೂ ಇರಲಿ: ಎರಡೂವರೆ ಅಡಿ ಎತ್ತರಕ್ಕೆ ಏಳೂವರೆ ಅಡಿ ಹಲಗೆ. ಆಗ ಏರು 20 ಡಿಗ್ರಿಯೊಳಗೆ ಉಳಿಯುತ್ತದೆ. ಮೇಲೆ ಗೇಣಿಗೊಂದು ಅಡ್ಡಪಟ್ಟಿ ಬಡಿಯಿರಿ. ಪ್ರಾಣಿ ಹತ್ತುವಾಗ ಹಲಗೆ ಅಲುಗಬಾರದು. ಒಮ್ಮೆ ಅಲುಗಿದರೆ ಮುಂದಿನ ಸಂತೆಯವರೆಗೂ ನೆನಪಿಟ್ಟುಕೊಳ್ಳುತ್ತದೆ.

ಹಳೆ ಗಾಡಿ ಕೊಳ್ಳುವವರಿಗೆ

ತಳಕ್ಕೆ ಹೊಸ ಬಣ್ಣ, ಮೇಲೆ ಹೊಸ ಮ್ಯಾಟ್ ಇದ್ದರೆ ಖುಷಿಪಡಬೇಡಿ, ಅನುಮಾನಪಡಿ. ಮ್ಯಾಟ್ ಎತ್ತಿಸಿ. ಎಲ್ಲಿ ನೋಡಬೇಕು ಎಂಬುದಕ್ಕೆ ಪ್ರಾಣಿಯೇ ಗುರುತು ಕೊಡುತ್ತದೆ. ಇಂಜಿನ್ ಕಡೆ ಮುಖ ಮಾಡಿ ನಿಂತ ಆಕಳು ಗಂಜಲ ಹೊಯ್ಯುವುದು ಹಿಂದಿನ ಬಾಗಿಲ ಬಳಿ. ಎತ್ತು, ಗಂಡು ಕುದುರೆ ಹೊಯ್ಯುವುದು ಹೊಟ್ಟೆಯ ಅಡಿಗೆ, ಅಂದರೆ ತಳದ ನಟ್ಟನಡುವೆ. ಎತ್ತುಗಳನ್ನೇ ಸಾಗಿಸಿದ ಗಾಡಿಯ ಹಿಂದಿನ ಅಂಚು ಗಟ್ಟಿಯಾಗಿದ್ದರೆ ನೆಮ್ಮದಿ ಬೇಡ, ನಡುವೆ ಕುಟ್ಟಿ ನೋಡಿ. ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ, ಚೂರು ಉದುರುತ್ತದೆ. ಹಲಗೆಗೆ ಸ್ಕ್ರೂಡ್ರೈವರ್ ತುದಿ ಒತ್ತಿ. ಒಳ್ಳೆಯ ಮರದಲ್ಲಿ ಚುಕ್ಕೆ ಬೀಳುತ್ತದೆ, ಕೊಳೆತ ಮರದೊಳಗೆ ಅರ್ಧ ಇಂಚು ಸಲೀಸಾಗಿ ಇಳಿಯುತ್ತದೆ. ಮೇಲಿನಿಂದ ಚೆನ್ನಾಗಿ ಕಂಡ ಹಲಗೆ ಅಡಿಯಿಂದ ಕೊಳೆತಿರುವುದೇ ಹೆಚ್ಚು, ಏಕೆಂದರೆ ಹಲಗೆ ಅಡಿಯ ಕಬ್ಬಿಣದ ಚಾನಲ್ ಮೇಲೆ ಕೂತ ಜಾಗದಲ್ಲಿ ತೇವ ಆರುವುದಿಲ್ಲ. ಆದ್ದರಿಂದ ಗಾಡಿಯನ್ನು ಸರ್ವಿಸ್ ಸ್ಟೇಷನ್‌ನ ದಿಬ್ಬಕ್ಕೆ ಹತ್ತಿಸಿ, ಟಾರ್ಚ್ ಹಿಡಿದು ಕೆಳಗಿನಿಂದಲೂ ನೋಡಿ: ಅಡ್ಡ ಚಾನಲ್‌ಗಳ ವೆಲ್ಡಿಂಗ್ ಬಿಟ್ಟಿದೆಯೇ, ತೂತಿನಿಂದ ಬೆಳಕು ಕಾಣುತ್ತದೆಯೇ. ಚಾನಲ್ಲೇ ಸವೆದಿದ್ದರೆ ಮೇಲೆ ಹೊಸ ಪ್ಲೇಟ್ ಹಾಕಿಸುವುದು ದುಡ್ಡು ದಂಡ. ಎರಡಂತಸ್ತಿನ ಕುರಿ ಲಾರಿಯಾದರೆ ಮೇಲಿನ ಅಂತಸ್ತಿನ ಹಲಗೆಯನ್ನು ಒಂದೊಂದಾಗಿ ತುಳಿದು ನೋಡಿ. ಅಲ್ಲಿ ಹಲಗೆ ಮುರಿದರೆ ಬೀಳುವುದು ಕೆಳಗಿನ ಕುರಿಗಳ ಮೇಲೆ.

ಬಾಡಿಗೆ ಮುಗಿದ ಮೇಲೆ

ಸಗಣಿ ಒಣಗುವ ಮುನ್ನ ಬಳಿಯಿರಿ, ತಿಪ್ಪೆಗೆ ಹಾಕಿ. ಮ್ಯಾಟ್ ಬಿಚ್ಚಿ ಎರಡೂ ಬದಿ ತೊಳೆದು ಗೋಡೆಗೆ ಒರಗಿಸಿ. ತಳಕ್ಕೆ ನೀರು ಹೊಡೆದು, ಕಡ್ಡಿಪೊರಕೆಯಿಂದ ಉಜ್ಜಿ, ಬಾಗಿಲು ತೆರೆದಿಟ್ಟು ಮೂತಿ ತುಸು ಏರಾಗಿ ನಿಲ್ಲಿಸಿದರೆ ನೀರು ತಾನೇ ಹಿಂದಕ್ಕೆ ಇಳಿಯುತ್ತದೆ. ಪೂರ್ತಿ ಒಣಗುವವರೆಗೆ ಮ್ಯಾಟ್ ಹಾಸಬೇಡಿ. ನೂರರಲ್ಲಿ ತೊಂಬತ್ತು ಮಂದಿ ಇಲ್ಲೇ ಅವಸರ ಮಾಡುವುದು. ಗಾಡಿಯನ್ನು ತುಂಗಭದ್ರಾ ಎಡದಂಡೆ ಕಾಲುವೆಗೆ ಇಳಿಸಿ ತೊಳೆಯುವುದು ಸುಲಭವೇ, ಆದರೆ ಕೆಳಗಿನ ಊರಿನವರ ದನ ಕುಡಿಯುವುದು ಅದೇ ನೀರು.

ರೋಗದ ಭಯ ಇರುವಾಗ ತೊಳೆದರಷ್ಟೇ ಸಾಲದು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ಜಾನುವಾರು ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಕಾಲುಬಾಯಿ ಜ್ವರದ ವೈರಾಣು ಸಗಣಿ, ಜೊಲ್ಲು ಮೆತ್ತಿದ ತಳದಲ್ಲಿ ಕೂತು ಮುಂದಿನ ಸಂತೆಗೆ ಪುಕ್ಕಟೆ ಪ್ರಯಾಣ ಮಾಡುತ್ತದೆ. ಅದಕ್ಕೆ ವಾಷಿಂಗ್ ಸೋಡಾ ಅಗ್ಗದ ಮದ್ದು: 10 ಲೀಟರ್ ನೀರಿಗೆ 400 ಗ್ರಾಂ ಕರಗಿಸಿ, ತೊಳೆದ ತಳಕ್ಕೆ, ಇಳಿಜಾರು ಹಲಗೆಗೆ, ಟೈರಿಗೆ ಹೊಯ್ದು ಅರ್ಧ ಗಂಟೆ ಬಿಟ್ಟು ಮತ್ತೆ ತೊಳೆಯಿರಿ. ಸಗಣಿ ಇರುವಾಗಲೇ ಹೊಯ್ದರೆ ಮದ್ದು ಸಗಣಿಗಷ್ಟೇ ತಾಗುತ್ತದೆ. ಅಲ್ಯೂಮಿನಿಯಂ ತಳದ ಗಾಡಿಗೆ ಸೋಡಾ ಬೇಡ, ಲೋಹವನ್ನು ತಿನ್ನುತ್ತದೆ. ಅದಕ್ಕೆ ಯಾವ ಔಷಧಿ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಕುದುರೆಯವರು ಇನ್ನೊಂದು ಜಾಗ್ರತೆ ವಹಿಸಬೇಕು. ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ ಮನುಷ್ಯರಿಗೂ ತಗಲುವಂಥದ್ದು. ಮೂಗಿನಿಂದ ಕೀವು ಸುರಿಸುವ ಕುದುರೆ ಹತ್ತಿದ ಗಾಡಿಯನ್ನು ಬರಿಗೈಯಲ್ಲಿ ತೊಳೆಯಬೇಡಿ, ಪಶುವೈದ್ಯರಿಗೆ ತಿಳಿಸಿ.

ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ನೋಡಿ, ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ತಳದ ಮೇಲೆ ಎಳೆದು ಬಿದ್ದ ಮೊಳೆ, ತಂತಿಚೂರು ಹೆಕ್ಕಿ. ತುಕ್ಕಿನ ಕಲೆ ಕಂಡರೆ ಕೆರೆದು ರೆಡ್ ಆಕ್ಸೈಡ್ ಬಳಿಯಿರಿ. ಒಂದು ರೂಪಾಯಿ ಅಗಲದ ಕಲೆಗೆ ಒಂದು ಬೆಳಗು ಸಾಕು, ತಟ್ಟೆಯಷ್ಟಾದರೆ ವೆಲ್ಡಿಂಗ್ ಅಂಗಡಿಯೇ ಗತಿ. ಕೊಪ್ಪಳದ ಗವಿಮಠದ ಜಾತ್ರೆ ಬರುವುದು ಜನವರಿಯಲ್ಲಿ. ಆ ಹೊತ್ತಿಗೆ ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಪಾಳಿ ಸಿಗುವುದಿಲ್ಲ. ಮಳೆ ನಿಂತ ಕೂಡಲೇ, ದೀಪಾವಳಿಯ ಆಸುಪಾಸಿನಲ್ಲಿ ತಳದ ಕೆಲಸ ಮುಗಿಸಿಕೊಳ್ಳುವುದು ವಾಸಿ.